ಹಗ್ಗದ ಮಾತು ಐತಾ?

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಜಾಗ ಸಿಕ್ಕಿದ್ದು ಹಗ್ಗಕ್ಕೆ. ಮನೆ ಎಂದರೆ ಬೆಳಗೋಡಿನಿಂದ ಒಂದು ಗಂಟೆ ನಡೆದರೆ ಸಿಗುವ ದಿಬ್ಬದ ಮೇಲೆ ಎರಡು ಕೋಣೆ, ಮುಂದೆ ಜಗಲಿ, ಹಿಂದೆ ಅಡುಗೆಮನೆ. ಅಷ್ಟರಲ್ಲಿ ಅಪ್ಪ, ಅವ್ವ, ಚಿಕ್ಕಪ್ಪ, ನಾನು ಮತ್ತು ಒಂದು ಬೆಕ್ಕು. ಒಳಕೋಣೆಯ ಗೋಡೆಯಲ್ಲಿ ಬಿಸಿಲು ಬೀಳದ, ಒಲೆಯ ಹೊಗೆ ತಾಗದ, ಹೆಂಚಿನ ಸೋರಿಕೆ ಮುಟ್ಟದ ಒಂದೇ ಒಂದು ಜಾಗವಿತ್ತು. ಬೇರೆಯವರ ಮನೆಯಾಗಿದ್ದರೆ ಅಲ್ಲಿ ದೇವರನ್ನೋ ಅಕ್ಕಿ ಮೂಟೆಯನ್ನೋ ಇಡುತ್ತಿದ್ದರು. ನಮ್ಮಲ್ಲಿ ಅಲ್ಲಿ ಒಂದು ದಪ್ಪ ಮರದ ಗೂಟ, ಗೂಟದ ಮೇಲೆ ಸುರುಳಿ ಸುತ್ತಿದ ಅಪ್ಪನ ಹಗ್ಗ. ದೇವರು ಪಕ್ಕದ ಗೋಡೆಯಲ್ಲಿ, ಸ್ವಲ್ಪ ಸೋರುವ ಕಡೆ ಹೊಂದಿಕೊಂಡಿದ್ದರು. ಅವರು ಈ ಬಗ್ಗೆ ದೂರು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅಪ್ಪನದು ಮರಗಸಿ ಕೆಲಸ. ಕಾಫಿ ಗಿಡಕ್ಕೆ ನೆರಳೂ ಬೇಕು, ಬೆಳಕೂ ಬೇಕು. ಯಾವುದು ಎಷ್ಟು ಬೇಕೆಂಬುದು ಗಿಡಕ್ಕೇ ಸರಿಯಾಗಿ ಗೊತ್ತಿಲ್ಲವೆಂದು ಅಪ್ಪನ ಅಭಿಪ್ರಾಯ. ಹೂಮಳೆ ಬಿದ್ದು ಮುಂಗಾರು ಹಿಡಿಯುವುದರೊಳಗೆ ತೋಟದ ಅತ್ತಿ, ನಂದಿ, ಹಲಸಿನ ಮರಗಳನ್ನು ಹತ್ತಿ, ಹೆಚ್ಚಾದ ಕೊಂಬೆಗಳನ್ನು ಕಡಿದು, ಕೆಳಗಿನ ಕಾಫಿ ಮುರಿಯದಂತೆ ಇಳಿಸಿಕೊಡಬೇಕು. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದನ್ನು ಮೇಲಿನ ಗಟ್ಟಿ ಕವಲಿನ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಬುಡದಲ್ಲಿ ನಿಂತ ಚಿಕ್ಕಪ್ಪನಿಗೆ ಕೊಟ್ಟು ಹತ್ತುತ್ತಿದ್ದ. ಚಿಕ್ಕಪ್ಪ ಆ ತುದಿಯನ್ನು ಕಾಂಡಕ್ಕೆ ಒಂದು ಸುತ್ತು ಹಾಕಿ, ಅಪ್ಪ ಏರಿದಷ್ಟೂ ಸಡಿಲವನ್ನು ಎಳೆದುಕೊಳ್ಳುತ್ತ ನಿಲ್ಲುತ್ತಿದ್ದ. ಹಗ್ಗವನ್ನು ಅವನು ಕೈಗೆ ಸುತ್ತಿಕೊಳ್ಳುವಂತಿಲ್ಲ, ಕಾಲ ಕೆಳಗೆ ಬಿಡುವಂತಿಲ್ಲ, ಬೀಡಿ ಹಚ್ಚುವಂತಿಲ್ಲ. ಮೂರನೆಯದು ಅವನ ಬಾಳಿನ ದೊಡ್ಡ ತ್ಯಾಗವಾಗಿತ್ತು. ಅದನ್ನು ಅವನು ಯಾರಿಗೂ ಮರೆಯಲು ಬಿಡಲಿಲ್ಲ.

ಹಗ್ಗ ಹೊರಗೆ ದುಡಿಯುತ್ತಿದ್ದುದು ಅಪ್ಪನ ಕೈಯಲ್ಲಿ. ಮನೆಯೊಳಗೆ ಅದರ ಮೇಲಿನ ಅಧಿಕಾರವೆಲ್ಲ ಅವ್ವನದು. ನೂಲಿನ ಹಗ್ಗ, ಮೂರು ಎಳೆ ಹೊಸೆದದ್ದು, ಅವ್ವನ ಹೆಬ್ಬೆರಳಿನಷ್ಟು ದಪ್ಪ. ಅದನ್ನು ದಾಟಬಾರದು, ತುಳಿಯಬಾರದು, ನೆಲಕ್ಕೆ ಇಡಬಾರದು. ತುಳಿದರೆ ಮಣ್ಣಿನ ಹರಳು ಎಳೆಗಳ ನಡುವೆ ಸೇರಿ ಒಳಗೊಳಗೇ ಕೊಯ್ಯುತ್ತದೆ. ರೊಟ್ಟಿ ತಿಂದ ಎಣ್ಣೆಗೈಯಲ್ಲಿ ಮುಟ್ಟಿದರೆ ಇಲಿ ಬರುತ್ತದೆ. ಬೆಕ್ಕನ್ನು ನಾವು ಸಾಕಿದ್ದು ಪ್ರೀತಿಗಲ್ಲ, ಹಗ್ಗದ ಅಂಗರಕ್ಷಕನ ಹುದ್ದೆಗೆ. ಕೊಂಬೆ ಇಳಿಸುವುದಕ್ಕೆ ಬೇರೆಯೇ ಹಗ್ಗವಿತ್ತು. ಅದು ಜಗಲಿಯ ಮೂಲೆಯಲ್ಲಿ ಬಿದ್ದಿರುತ್ತಿತ್ತು, ಒಳಗೆ ಬರುವಂತಿರಲಿಲ್ಲ. ನಮ್ಮ ಮನೆಯಲ್ಲಿ ಪಂಕ್ತಿಭೇದ ಇದ್ದದ್ದು ಹಗ್ಗಗಳಿಗೆ ಮಾತ್ರ. ಒಮ್ಮೆ ಅವ್ವನ ಕಡೆಯ ನೆಂಟರೊಬ್ಬರು ಬಂದವರು ಒದ್ದೆ ಕೊಡೆಯನ್ನು ಆ ಗೂಟಕ್ಕೆ ನೇತುಹಾಕಿದರು. ಅವ್ವ ಎದ್ದು ಕೊಡೆಯನ್ನು ತೆಗೆದು ದೇವರ ಮೊಳೆಗೆ ಸಿಕ್ಕಿಸಿದಳು. ನೆಂಟರು ಆ ಸಂಜೆಯೇ ಹೊರಟರು.

ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಹಗ್ಗ ಓದುತ್ತಿದ್ದಳು. ಓದುವುದು ಎಂದು ಹೇಳುತ್ತಿದ್ದವಳು ಅವಳೇ. ಅಕ್ಷರ ಬಾರದ ಅವ್ವ ಓದುತ್ತಿದ್ದದ್ದು ಅದೊಂದನ್ನೇ, ದಿನವೂ, ತುದಿಯಿಂದ ತುದಿಗೆ. ಗೇಣು ಗೇಣಿಗೂ ಎರಡು ಹೆಬ್ಬೆರಳುಗಳಿಂದ ಹೊಸೆತವನ್ನು ಬಿಡಿಸಿ ಒಳಗೆ ನೋಡುವಳು, ಮೂಗಿಗೆ ಹಿಡಿಯುವಳು, ಮುಚ್ಚುವಳು. ಹೊರಗಿನ ಮಾಸಲು ಬಣ್ಣಕ್ಕೆ ಅವಳು ಬೆಲೆ ಕೊಡುತ್ತಿರಲಿಲ್ಲ. ಹೊರಗೆ ಚೆನ್ನಾಗಿ ಕಾಣುವುದು ಹಗ್ಗದ ಕೆಲಸವಲ್ಲ ಎನ್ನುತ್ತಿದ್ದಳು. ನೆಂಟರ ಬಗ್ಗೆಯೂ ಅದೇ ಅಭಿಪ್ರಾಯವಿತ್ತು.

ಬೆಳಗ್ಗೆ ಇನ್ನೊಂದು ಕಲಾಪ. ಅಪ್ಪ ಬುತ್ತಿ ಕಟ್ಟಿಕೊಂಡು ಹೊರಟಾಗ ಅವ್ವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊಸಲಿನ ಮೇಲೆ ಅಡ್ಡ ನಿಲ್ಲುವಳು.

"ಹಗ್ಗದ ಮಾತು ಐತಾ?"

ಮನೆಯಲ್ಲಿ ಇದ್ದವರೆಲ್ಲ ಒಬ್ಬೊಬ್ಬರಾಗಿ, ಬಾಯಿಬಿಟ್ಟು, "ಇಲ್ಲ" ಎನ್ನಬೇಕು. ತಲೆ ಅಲ್ಲಾಡಿಸಿದರೆ ನಡೆಯದು. ಬಂದ ನೆಂಟರೂ ಹೇಳಬೇಕು. ಯಾರಿಗಾದರೂ ಮಾತಿದ್ದರೆ, ಅಂದರೆ ಹಗ್ಗವನ್ನು ಎಲ್ಲಿಗೋ ಒಯ್ದಿದ್ದರೆ, ಏನಕ್ಕೋ ಕಟ್ಟಿದ್ದರೆ, ಕೈಯಿಂದ ಏನಾದರೂ ಚೆಲ್ಲಿದ್ದರೆ, ಆಗ ಹೇಳಬೇಕು. ಹೇಳಿದವರನ್ನು ಬೈಯುವಂತಿಲ್ಲ. ಅವತ್ತೂ ಇಲ್ಲ, ಮುಂದೆ ಯಾವತ್ತೂ ಇಲ್ಲ. ಅವ್ವ "ಸರಿ" ಎಂದು ಒಂದೇ ಮಾತು ಹೇಳಿ ಹಗ್ಗವನ್ನು ಒಳಗೆ ಇಡುವಳು. ಆದರೆ ಹಗ್ಗ ಹೊಸಲು ದಾಟಿದ ಮೇಲೆ ಬಾಯಿಬಿಟ್ಟರೆ ಆ ರಕ್ಷಣೆ ಇರಲಿಲ್ಲ. ಒಂದು ಬೆಳಗ್ಗೆ ಚಿಕ್ಕಪ್ಪ ಕೆಮ್ಮಿ, ನೆಲ ನೋಡುತ್ತ ಹೇಳಿದ.

"ಅತ್ಗೆ, ನಿನ್ನೆ ಆಡು ಕಟ್ಟಿದ್ದೆ. ಒಂದ್ ಚೂರು ಹೊತ್ತು ಅಷ್ಟೆ."

"ಸರಿ," ಎಂದಳು ಅವ್ವ.

ಆಡು ಜಗಿದ ತುದಿಯನ್ನು ಕತ್ತರಿಸಿ ಹಾಕಿದಳು. ಬೈಗುಳ ಇಲ್ಲ. ಆದರೆ ಆ ವಾರವೆಲ್ಲ ಚಿಕ್ಕಪ್ಪನ ತಟ್ಟೆಗೆ ಬಿದ್ದ ಹುರುಳಿ ಸಾರಿನಲ್ಲಿ ಹುರುಳಿ ಇರಲಿಲ್ಲ. ಬೈಯಬಾರದೆಂಬ ಕಾನೂನು ಇತ್ತು. ಸಾರನ್ನು ತಳದಿಂದ ಕಲಕಿ ಬಡಿಸಬೇಕೆಂಬ ಕಾನೂನು ಇರಲಿಲ್ಲ.

ಈ ಪದ್ಧತಿ ಎಲ್ಲಿಂದ ಬಂತೆಂದು ನಾನು ಒಮ್ಮೆ ಮಾತ್ರ ಕೇಳಿದ್ದೆ. ಅವ್ವ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಮ್ಮಪ್ಪನೂ ಮರ ಹತ್ತೋನೆ. ಆಳೊಬ್ಬ ಆ ಹಗ್ಗದಲ್ಲಿ ಕೆಸ್ರಲ್ಲಿ ಹೂತ ಗಾಡಿ ಎಳ್ಸಿದ್ದ, ಬೈತಾರೆ ಅಂತ ಹೇಳ್ಲಿಲ್ಲ. ಎಲ್ಲಾರೂ ಹಗ್ಗ ಹರೀತು ಅಂದ್ರು. ನಮ್ಮಪ್ಪನ್ನ ಕೊಂದಿದ್ದು ಹಗ್ಗ ಅಲ್ಲ ಕಣಮ್ಮಿ, ಬೈಗುಳದ ಹೆದ್ರಿಕೆ."

ಅಷ್ಟು ಹೇಳಿ ಮೊರವನ್ನು ಒಮ್ಮೆ ಕೇರಿದಳು.

ನನಗೆ ಹತ್ತು ವರ್ಷವಾದಾಗ ಮರ ಹತ್ತುವ ಹುಚ್ಚು ಹಿಡಿಯಿತು. ಬರಿಗಾಲಲ್ಲಿ ಸೀಬೆ ಮರ ಹತ್ತುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ನನಗೆ ಬೇಕಿದ್ದದ್ದು ಅಪ್ಪನ ಹಾಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲಿಂದ "ಸಡಿಲ ಬುಡು!" ಎಂದು ಗದರುವ ಅಧಿಕಾರ. ಊರಿನ ಹೆಂಗಸರು ಹುಡುಗಿ ಮರ ಹತ್ತುವುದೇ ಎಂದು ಕೆನ್ನೆಗೆ ಕೈ ಇಟ್ಟುಕೊಂಡರು. ಅವ್ವ ಆ ವಿಚಾರಕ್ಕೇ ಹೋಗಲಿಲ್ಲ. ಹತ್ತಿದವರು ಹೆಣ್ಣೋ ಗಂಡೋ ಎಂದು ಮರಕ್ಕೆ ತಿಳಿಯುವುದಿಲ್ಲ, ಹಗ್ಗಕ್ಕೂ ತಿಳಿಯುವುದಿಲ್ಲ, ತಿಳಿಯಬೇಕಾದವರು ಯಾರೂ ಇಲ್ಲ ಎಂದಳು. ಅವಳ ಚಿಂತೆ ಒಂದೇ: ಇವಳು ಹಗ್ಗ ಕಾಯಬಲ್ಲಳೇ? ಅಪ್ಪ ಮಾತು ಕೊಟ್ಟ. ಬೇಸಿಗೆ ರಜದಲ್ಲಿ, ಮರಗಸಿ ಶುರುವಾದ ಮೊದಲ ದಿನ, ಕೆಲಸ ಮುಗಿಸಿ ಬಂದ ಮೇಲೆ ಹಿತ್ತಲ ಹಲಸಿನ ಮರಕ್ಕೆ ನನ್ನನ್ನು ಹಗ್ಗ ಕಟ್ಟಿ ಹತ್ತಿಸುವುದು.

ಅದಕ್ಕೆ ಎರಡು ದಿನ ಮುಂಚೆ, ಮನೆಯಲ್ಲಿ ಯಾರೂ ಇಲ್ಲದಾಗ, ನನ್ನೊಳಗೆ ಸದುದ್ದೇಶ ಹುಟ್ಟಿತು. ಹಗ್ಗ ವರ್ಷದ ಅಂಟು, ಬೆವರು, ಪಾಚಿಯಿಂದ ಕಪ್ಪಗಾಗಿತ್ತು. ಅದನ್ನು ತೊಳೆದಿಟ್ಟರೆ ನನ್ನ ಯೋಗ್ಯತೆ ಲೋಕಕ್ಕೆ ತಿಳಿಯುತ್ತದೆ. ತಣ್ಣೀರು, ಸೀಗೆಪುಡಿ, ನೆರಳಲ್ಲಿ ಒಣಗಿಸುವುದು, ಇದು ಅವ್ವನ ಕ್ರಮ. ನನಗೆ ಗೊತ್ತಿತ್ತು, ಹಾಗೆಯೇ ಮಾಡಿದೆ. ಆದರೆ ಹಗ್ಗ ಕಪ್ಪಿನಿಂದ ಕಂದು ಬಣ್ಣಕ್ಕೆ ಬಂದು ಅಲ್ಲೇ ನಿಂತಿತು. ಬಾವಿಗೆ ಔಷಧಿ ಹಾಕಲು ಬಂದವನು ಅರ್ಧ ಪೊಟ್ಟಣ ಬ್ಲೀಚಿಂಗ್ ಪೌಡರನ್ನು ಜಗಲಿಯ ತೊಲೆಯ ಮೇಲೆ ಬಿಟ್ಟುಹೋಗಿದ್ದ. ಇಡೀ ಬಾವಿಯನ್ನೇ ಶುದ್ಧ ಮಾಡುವ ವಸ್ತು ಒಂದು ಹಗ್ಗವನ್ನು ಮಾಡಲಾರದೇ? ಅಷ್ಟನ್ನೂ ನೀರಿನ ಬಾನಿಯೊಳಗೆ ಸುರಿದು, ಹಗ್ಗ ನೆನೆಸಿ, ಹಾಗೇ ಬಿಟ್ಟು, ಲಂಗದ ಅಂಚು ನೀರಲ್ಲಿ ಅದ್ದಿರುವುದನ್ನೂ ಲೆಕ್ಕಿಸದೆ ಕಾಲಿನಿಂದ ತುಳಿದೆ. ಹಗ್ಗವನ್ನು ತುಳಿಯಬಾರದೆಂಬ ನಿಯಮ ನೀರಿನೊಳಗೆ ಅನ್ವಯಿಸುವುದಿಲ್ಲವೆಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಆಮೇಲೆ ವಾಸನೆ ಹೋಗಲೆಂದು ಮತ್ತೊಮ್ಮೆ ಸೀಗೆಪುಡಿ ಹಾಕಿದೆ. ಹಗ್ಗ ಮಲ್ಲಿಗೆಯ ಬಿಳುಪಿಗೆ ಬಂತು.

ಸಂಜೆ ಬಂದ ಅಪ್ಪ ನೋಡಿ ದಂಗಾದ. ಚಿಕ್ಕಪ್ಪ ಈ ಹಗ್ಗದಲ್ಲಿ ಮರ ಹತ್ತುವುದಕ್ಕಿಂತ ಮದುವೆ ಆಗಬಹುದು ಎಂದ. ಅವ್ವನಿಗೆ ಅವತ್ತು ವಿಪರೀತ ನೆಗಡಿ. ಮೂಗಿಗೆ ಹಿಡಿದಳು, ಮೂಗು ಕೆಲಸ ಮಾಡುತ್ತಿರಲಿಲ್ಲ. ಹೊಸೆತ ಬಿಡಿಸಿ ನೋಡಿದಳು, ಒಳಗೂ ಬೆಳ್ಳಗಿತ್ತು.

"ಏನ್ ಹಾಕ್ದೆ?"

"ಸೀಗೆಪುಡಿ ಅವ್ವ."

ಸುಳ್ಳಲ್ಲ. ಎರಡು ಸಲ ಹಾಕಿದ್ದೆ.

ಮರಗಸಿಯ ಮೊದಲ ಬೆಳಗ್ಗೆ, ಒಗೆದು ಒಣಗಿಸಿಟ್ಟಿದ್ದ ಆ ಲಂಗವನ್ನೇ ಉಟ್ಟೆ. ಅಂಚು ಮೊಳಕಾಲಿಗೆ ಸಿಕ್ಕಿಕೊಂಡಿತೆಂದು ಸ್ವಲ್ಪ ಎಳೆದೆ. ಅಂಚು ಕೈಗೆ ಬಂತು. ಹರಿಯುವ ಸದ್ದೂ ಆಗಲಿಲ್ಲ. ನೆನೆದ ಹಪ್ಪಳದಂತೆ ಸುಮ್ಮನೆ ಬಂತು. ನೀರಲ್ಲಿ ಅದ್ದಿದ್ದ ಉದ್ದಕ್ಕೂ ಹಾಗೆಯೇ, ಎಲ್ಲಿ ಹಿಡಿದರೆ ಅಲ್ಲಿ. ಮೇಲಿನ ಭಾಗ ಮಾತ್ರ ಹೊಸದರಂತೆ ಗಟ್ಟಿ. ನಾನು ಆ ತುಂಡನ್ನು ಮುಷ್ಟಿಯಲ್ಲಿ ಹಿಡಿದು ನಿಂತಿರುವಾಗಲೇ ಹೊರಗೆ ಅವ್ವನ ದನಿ ಕೇಳಿತು.

"ಹಗ್ಗದ ಮಾತು ಐತಾ?"

"ಇಲ್ಲ," ಅಂದ ಅಪ್ಪ.

"ಇಲ್ಲ ಕಣತ್ಗೆ. ಆಡಿನ್ ಕಡೆ ತಿರುಗೂ ನೋಡಿಲ್ಲ," ಅಂದ ಚಿಕ್ಕಪ್ಪ.

ಅವ್ವ ನನ್ನ ಕಡೆ ನೋಡಿದಳು. ಹೇಳಿದರೆ ಹಗ್ಗ ಒಳಗೆ ಹೋಗುತ್ತದೆ. ಅನುಮಾನ ಬಂದ ಹಗ್ಗವನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಗೇಣುದ್ದಕ್ಕೆ ತುಂಡು ಮಾಡಿಬಿಡುತ್ತಾರೆ, ಮರೆತೂ ಯಾರೂ ಕಟ್ಟಿಕೊಳ್ಳಬಾರದೆಂದು. ಹಗ್ಗ ಹೋದರೆ ಸಂಜೆಯ ಹಲಸಿನ ಮರವೂ ಹೋಯಿತು. ಲಂಗ ತೆಳುವಿತ್ತು, ಹಗ್ಗ ಹೆಬ್ಬೆರಳಿನಷ್ಟು ದಪ್ಪ. ಲಂಗಕ್ಕೆ ಆದದ್ದು ಹಗ್ಗಕ್ಕೂ ಆಗಿರಬೇಕೆಂದೇನಿದೆ?

"ಇಲ್ಲ," ಅಂದೆ.

ಹಗ್ಗ ಹೊಸಲು ದಾಟಿತು. ಅವ್ವ ರೊಟ್ಟಿ ಹಾಕಿಕೊಟ್ಟಳು. ಹಲಸಿನಕಾಯಿ ಪಲ್ಯ, ನನಗೆ ಪ್ರಾಣ. ತಿನ್ನಲೆಂದು ಕುಳಿತು ರೊಟ್ಟಿಯ ಅಂಚನ್ನು ಹಿಡಿದೆ. ಅಕ್ಕಿರೊಟ್ಟಿ, ಕೊಂಚ ಎಳೆಯಬೇಕಾಯಿತು ಹರಿಯಲು. ನನ್ನ ಲಂಗಕ್ಕೆ ಅಷ್ಟೂ ಬೇಕಾಗಿರಲಿಲ್ಲ. ತಟ್ಟೆ ಬಿಟ್ಟು ಎದ್ದೆ. ಅವ್ವ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಕಾಫಿ ಗಿಡಗಳ ನಡುವೆ ಅಡ್ಡದಾರಿ ಹಿಡಿದು, ತೋಟದ ಆಳುಗಳ ಲೈನ್ ಮನೆಗಳನ್ನು ದಾಟಿ, ತೊರೆಗೆ ಬಿದ್ದು ಎದ್ದು ಓಡಿದೆ. ದಾರಿಯಲ್ಲಿ ಸಿಕ್ಕ ಎಲ್ಲ ದೇವರಿಗೂ ಅಪ್ಪ ಇನ್ನೂ ನೆಲದ ಮೇಲೆಯೇ ಇರಲೆಂದು ಬೇಡಿಕೊಂಡೆ. ಸೋರುವ ಗೋಡೆಯ ಮೇಲೆ ಇಟ್ಟದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ಅಪ್ಪ ಏಣಿಯ ಮೇಲಿದ್ದ. ದೊಡ್ಡ ನಂದಿ ಮರ. ಹಗ್ಗ ಆಗಲೇ ಕವಲು ಹಾದು ಚಿಕ್ಕಪ್ಪನ ಕೈಗೆ ಬಂದಿತ್ತು. ಏಣಿಯ ಕೊನೆಯ ಮೆಟ್ಟಿಲಿನಿಂದ ಕಾಲು ಎತ್ತಿ ಕೊಂಬೆಗೆ ಇಡುವುದೊಂದೇ ಬಾಕಿ. ನನಗೆ ಉಸಿರಿರಲಿಲ್ಲ, ಇದ್ದಷ್ಟರಲ್ಲಿ ಮನೆಯ ಮಾತೇ ಬಂತು.

"ಅಪ್ಪಾ! ಹಗ್ಗದ ಮಾತು ಐತೆ!"

ಎತ್ತಿದ ಕಾಲು ಮೆಟ್ಟಿಲಿಗೇ ವಾಪಸಾಯಿತು. ಅಪ್ಪ ಯಾಕೆ ಏನೆಂದು ಕೇಳಲಿಲ್ಲ. ಹಗ್ಗದ ಮೇಲೆ ಬೆರಳಿನ ಭಾರವನ್ನೂ ಹಾಕದೆ, ಎರಡೂ ಕೈಯಲ್ಲಿ ಏಣಿಯನ್ನು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದ. ಬುಡದಲ್ಲಿ ಎಸ್ಟೇಟಿನ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಕೊಡೆಯೂರಿ ನಿಂತಿದ್ದರು. ನಾನು ಮುಷ್ಟಿ ಬಿಡಿಸಿ ಲಂಗದ ತುಂಡು ತೋರಿಸಿ, ಬ್ಲೀಚಿಂಗ್ ಪೌಡರಿನ ಕಥೆಯನ್ನೆಲ್ಲ ಅಳುತ್ತ ಹೇಳಿದೆ.

"ಏನ್ ಕೋರ್ಟಾ ಮಾರಾಯ ಇದು?" ಅಂದರು ರೈಟರ್. "ಲಂಗ ಹರೀತು ಅಂತ ಕೆಲ್ಸ ನಿಲ್ಸೋದಾ? ಎಳ್ದು ನೋಡು, ಗೊತ್ತಾಗ್ತದೆ."

ಎಳೆದು ನೋಡಿದರು. ಚಿಕ್ಕಪ್ಪನೂ ಇನ್ನಿಬ್ಬರು ಆಳುಗಳೂ ಕಡಿದಿಟ್ಟಿದ್ದ ಒಂದು ದಿಮ್ಮಿಯನ್ನು ಹಗ್ಗಕ್ಕೆ ಬಿಗಿದು, ಎತ್ತಿ, ಧಡಕ್ಕನೆ ಬಿಟ್ಟರು. ಹಗ್ಗ ತಡೆಯಿತು. ಇನ್ನೊಮ್ಮೆ ಬಿಟ್ಟರು. ಆಗಲೂ ತಡೆಯಿತು. ರೈಟರಿಗೆ ಗೆದ್ದ ಖುಷಿ.

"ನೋಡು! ಆನೆ ಕಟ್ಬೋದು ಇದ್ರಲ್ಲಿ!"

"ಆನೆ ಕಟ್ಟೋದಾದ್ರೆ ನೀವೇ ಇಟ್ಕಳಿ ರೈಟ್ರೇ," ಅಂದ ಅಪ್ಪ. "ನನ್ನ ಕಟ್ಟೋಕಾಗಲ್ಲ. ಎರಡು ಸಲ ತಡೀತು ಅನ್ನೋದು ಗೊತ್ತಾಯ್ತು. ಮೂರ್ನೇದು ನಾನಾಗಿರ್ತೀನಿ."

ನಾವು ನಾಲ್ಕು ಜನ, ಹಗ್ಗವನ್ನೂ ಸೇರಿಸಿ, ಮನೆಗೆ ವಾಪಸಾದೆವು. ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ವಿಚಾರಣೆ ನಡೆಯಿತು. ಆರೋಪಿ ತಟ್ಟೆಯ ಮುಂದೆ ಕುಳಿತಿದ್ದಳು. ಅವ್ವ ಮುದ್ದೆ ಕಟ್ಟುತ್ತ ಸರ್ಕಾರದ ಪರ ವಾದಿಸಿದಳು.

"ಕೇಳ್ದಾಗ ಇಲ್ಲ ಅಂದ್ಲು. ಹೊಸ್ಲು ದಾಟಿದ ಮ್ಯಾಲೆ ಬಾಯಿ ಬಿಟ್ಲು. ಹಂಗಾದ್ರೆ ಬೈಬೋದು."

"ನಾನಿನ್ನೂ ಏಣಿ ಮ್ಯಾಲಿದ್ದೆ ಕಣೇ," ಅಂದ ಅಪ್ಪ. "ಮರ ಹತ್ತೋನಿಗೆ ಮನೆ ಹೊಸ್ಲು ಎಂಥದು? ಏಣಿ ಬುಟ್ಟು ಮರಕ್ಕೆ ಕಾಲಿಡೋ ಜಾಗವೇ ಹೊಸ್ಲು. ಅದ್ನ ದಾಟೋಕ್ ಮುಂಚೆ ಹೇಳವ್ಳೆ."

"ಅದು ನಿಮ್ ಕಾನೂನು."

"ಸತ್ತಿದ್ರೆ ನಿನ್ ಕಾನೂನು ಇಟ್ಕಂಡ್ ಏನ್ ಮಾಡ್ತಿದ್ದೆ?"

ಮುದ್ದೆ ಕಟ್ಟುತ್ತಿದ್ದ ಅವ್ವನ ಕೈ ನಿಂತಿತು. ಕೈಯಲ್ಲಿದ್ದ ಮುದ್ದೆಯನ್ನು ಅಪ್ಪನ ತಟ್ಟೆಗೆ ಇಟ್ಟಳು.

"ಹಂಗಾದ್ರೆ ಇನ್ಮ್ಯಾಲೆ ಎಲ್ಡು ಸಲ ಕೇಳ್ಬೇಕು," ಅಂದಳು ಅವ್ವ ಕೊನೆಗೆ. "ಇಲ್ಲೊಂದ್ ಸಲ, ಬುಡದಲ್ಲೊಂದ್ ಸಲ."

ನಮ್ಮ ಮನೆಯ ಸಂವಿಧಾನಕ್ಕೆ ಆದ ಮೊದಲ ತಿದ್ದುಪಡಿ ಅದು. ನನ್ನ ಕಾರಣದಿಂದ ಆಯಿತೆಂದು ನಾನು ಇಂದಿಗೂ ಹೆಮ್ಮೆಪಡುತ್ತೇನೆ. ಹೆಮ್ಮೆಪಡುವಾಗ, ಏಣಿಯಿಂದ ಎತ್ತಿದ್ದ ಅಪ್ಪನ ಆ ಕಾಲು ಕಣ್ಣ ಮುಂದೆ ಬರುವುದೂ ಇಂದಿಗೂ ಉಂಟು.

ಹಗ್ಗ ತುಂಡು ಮಾಡಬೇಕಾದವಳು ನಾನೇ. ಹಿತ್ತಲಲ್ಲಿ ಕೊರಡಿನ ಮೇಲೆ ಇಟ್ಟು ಮಚ್ಚಿನಿಂದ ಗೇಣು ಗೇಣಿಗೆ ಕಡಿಯುತ್ತ ಹೋದೆ. ಕೆಲವು ಕಡೆ ಮಚ್ಚು ಸಲೀಸಾಗಿ ಇಳಿಯಿತು, ಕೆಲವು ಕಡೆ ಎರಡೆರಡು ಏಟು ಬೇಕಾಯಿತು. ಆ ಹಗ್ಗ ನಿಜವಾಗಿ ಹಾಳಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೆ ಉಳಿದದ್ದೇ ನಮ್ಮ ಮನೆಯ ಪುಣ್ಯ ಎಂದು ಅಪ್ಪ ಆ ತುಂಡುಗಳನ್ನು ಹುರುಳಿಕಾಯಿ ಬಳ್ಳಿಗೆ ಆಸರೆ ಕಟ್ಟಲು ಒಯ್ದ. ಅವ್ವ ಬೈಯುತ್ತಾಳೆಂದು ಸಂಜೆಯವರೆಗೂ ಕಾದೆ. ದೀಪ ಹಚ್ಚಿ ಕುಳಿತವಳಿಗೆ ಓದಲು ಹಗ್ಗವಿರಲಿಲ್ಲ. ಕೈ ಚಾಚಿದಳು.

"ಲಂಗ ತಾ."

ಸತ್ತ ಅಂಚನ್ನು ಗಟ್ಟಿ ಬಟ್ಟೆ ಸಿಗುವವರೆಗೂ ಕತ್ತರಿಸಿ, ತನ್ನ ಹಳೆಯ ಸೀರೆಯ ಸೆರಗಿನಿಂದ ಕೆಂಪು ಪಟ್ಟಿ ಹರಿದು ಹೊಲಿದು ಕೊಟ್ಟಳು. ಹೊಲಿಗೆಯನ್ನು ಎರಡೂ ಹೆಬ್ಬೆರಳಿಂದ ಎಳೆದು ನೋಡಿದಳು. ಬೈಗುಳ ಬರಲೇ ಇಲ್ಲ. ಅವಳು ತೀರಿಕೊಳ್ಳುವವರೆಗೂ ನಾನು ಒಳಗೊಳಗೇ ಕಾಯುತ್ತಿದ್ದೆ.

ಹೊಸ ಹಗ್ಗ ಬರುವವರೆಗೆ ಅಪ್ಪ ನೆಲದ ಮೇಲಿನ ಕೆಲಸ ಮಾಡಿದ. ಹಾಸನದಿಂದ ಹಗ್ಗ ತಂದ ದಿನ ಅವ್ವ ಅದನ್ನು ಇಡೀ ಸಂಜೆ ಓದಿದಳು, ಹೊಸ ಸೊಸೆಯನ್ನು ನೋಡುವಂತೆ. ಮಾರನೆಯ ದಿನ ಹಲಸಿನ ಮರದ ಬುಡದಲ್ಲಿ ಅಪ್ಪ ನನ್ನ ಸೊಂಟಕ್ಕೆ ಗಂಟು ಹಾಕಿದ. ಇನ್ನೊಂದು ತುದಿಯನ್ನು ಚಿಕ್ಕಪ್ಪನ ಕೈಯಿಂದ ಅವ್ವ ಕಿತ್ತುಕೊಂಡಳು.

"ಕೇಳು," ಅಂದಳು ನನಗೆ. "ಹತ್ತೋರೇ ಕೇಳ್ಬೇಕು."

"ಹಗ್ಗದ ಮಾತು ಐತಾ?" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಮೂವರೂ ಗಂಭೀರವಾಗಿ "ಇಲ್ಲ" ಎಂದರು. ಹತ್ತಿದೆ. ಏರಿದಷ್ಟೂ ಹಗ್ಗ ಸೊಂಟದಲ್ಲಿ ಹಿತವಾಗಿ ಬಿಗಿಯುತ್ತ ಬಂತು. ಕೆಳಗೆ ಅವ್ವ ಒಂದು ಬೆರಳಿನಷ್ಟೂ ಸಡಿಲ ಉಳಿಸುತ್ತಿರಲಿಲ್ಲ. ಎರಡನೆಯ ಕವಲಿನಲ್ಲಿ ಕುಳಿತು ನಾನು ವರ್ಷದಿಂದ ಕಾಯ್ದಿಟ್ಟಿದ್ದ ಆಜ್ಞೆಯನ್ನು ಹೊರಡಿಸಿದೆ: "ಸಡಿಲ ಬುಡು!" ಅವ್ವ ಬಿಡಲಿಲ್ಲ.

ಆಮೇಲೆ ನಾನು ಬಹಳ ಮರ ಹತ್ತಿದೆ. ಈಗ ಮೊಣಕಾಲುಗಳು ರಾಜೀನಾಮೆ ಕೊಟ್ಟಿರುವುದರಿಂದ ನೆಲದ ಮೇಲಿನ ಮೇಷ್ಟ್ರಿಕೆ. ಆಲೂರಿನ ಹತ್ತಿರದ ಒಂದು ತೋಟದಲ್ಲಿ ಮರಗಸಿ ಕಲಿಯಲು ಬರುವವರಿಗೆ ಹಗ್ಗ ಓದುವುದನ್ನು ಹೇಳಿಕೊಡುತ್ತೇನೆ. ಹೆಲ್ಮೆಟ್ಟು, ಸೊಂಟದ ಪಟ್ಟಿ, ಬಣ್ಣಬಣ್ಣದ ಹಗ್ಗ. ಅವ್ವ ನೋಡಿದ್ದರೆ ಬಣ್ಣಕ್ಕೆ ಬೆಲೆ ಕೊಡುತ್ತಿರಲಿಲ್ಲ. ಬುಡದಲ್ಲಿ ನಿಂತು ಆ ಪ್ರಶ್ನೆ ಕೇಳಿಯೇ ಕೇಳುತ್ತೇನೆ. ಹುಡುಗರು ಮೊದಮೊದಲು ಮುಸಿಮುಸಿ ನಗುತ್ತಾರೆ. ಹೋದ ತಿಂಗಳು ಒಂದು ದಿನ, ಹೊಂಗಡಹಳ್ಳದ ಕಡೆಯಿಂದ ಕಲಿಯಲು ಬಂದಿದ್ದ ಸವಿತಾ ಮೊದಲ ಸಲ ಹತ್ತಬೇಕಿತ್ತು. ಪಟ್ಟಿ ಬಿಗಿದಾಗಿತ್ತು, ಎಲ್ಲರೂ "ಇಲ್ಲ" ಎಂದಾಗಿತ್ತು. ಅವಳು ಮರವನ್ನೊಮ್ಮೆ, ಹೊಚ್ಚ ಹೊಸ ಹಗ್ಗವನ್ನೊಮ್ಮೆ ನೋಡಿದಳು.

"ಅಮ್ಮಾ, ಒಂದ್ ಮಾತೈತೆ. ಬೆಳಗ್ಗೆ ಪಿಕಪ್ಪಲ್ಲಿ ಹಗ್ಗದ ಚೀಲನ ಹಳೇ ಬ್ಯಾಟರಿ ಮ್ಯಾಲೆ ಇಟ್ಬುಟ್ಟಿದ್ದೆ. ಚೀಲದ ತಳ ಸ್ವಲ್ಪ ಒದ್ದೆ ಆಗಿತ್ತು. ಹಗ್ಗಕ್ಕೆ ಏನೂ ಆದಂಗೆ ಕಾಣಲ್ಲ."

ಬ್ಯಾಟರಿಯ ಆಸಿಡ್ ಮುಟ್ಟಿದ ಹಗ್ಗವೂ ಹಾಗೆಯೇ. ಏನೂ ಆದಂತೆ ಕಾಣುವುದಿಲ್ಲ, ಒಳಗೊಳಗೇ ಸಾಯುತ್ತದೆ. ಜೊತೆಯವರಲ್ಲಿ ಒಬ್ಬ "ಹೊಸ ಹಗ್ಗ ಕಣೇ!" ಎಂದು ನರಳಿದ. ಅವಳ ಕಣ್ಣು ತುಂಬಿತ್ತು. ಅವತ್ತಿನ ಮರ ಹೋಯಿತೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ಸರಿ," ಅಂದೆ. ಅವಳ ಕೈಗೆ ಮಚ್ಚು ಕೊಟ್ಟೆ.

ಮಧ್ಯಾಹ್ನ ಊಟಕ್ಕೆ ಹುರುಳಿ ಸಾರು. ನಾನೇ ಬಡಿಸಲು ನಿಂತೆ. ಸವಿತಾಳ ತಟ್ಟೆಯ ಸರದಿ ಬಂದಾಗ ಸೌಟನ್ನು ತಳಕ್ಕೆ ಇಳಿಸಿ, ಚೆನ್ನಾಗಿ ಕಲಕಿ, ಹುರುಳಿಯನ್ನೇ ಎತ್ತಿ ಹಾಕಿದೆ. ನಮ್ಮ ಮನೆಯ ಕಾನೂನಿಗೆ ಇದು ಎರಡನೆಯ ತಿದ್ದುಪಡಿ. ಅವ್ವನ ಒಪ್ಪಿಗೆ ಕೇಳಿಲ್ಲ.